ಮೂರನೇ ಚರಣ ಬೇಡ ಎಂದಿದ್ದಕ್ಕೆ

ಹಾಡು ನಾಲ್ಕು ನಿಮಿಷದ್ದು. ಅದನ್ನು ಫೋನಿನಲ್ಲಿ ನಮ್ಮ ಹಾಡಿನ ಗ್ರೂಪಿಗೆ ಹಾಕಿ ನಾನು ಒಲೆಯ ಮೇಲೆ ಹಾಲಿಡುವಷ್ಟರಲ್ಲಿ ಮೊದಲ ಚಪ್ಪಾಳೆ ಬಂದಿತ್ತು. ಹಾಲು ಬೆಚ್ಚಗಾಗುವ ಮೊದಲೇ ಸಾಲಾಗಿ ಹೆಬ್ಬೆರಳುಗಳು, ಮುಗಿದ ಕೈಗಳು, ಒಂದು "ಸೂಪರ್ ಮೇಡಂ", ಇನ್ನೊಂದು "ಅದ್ಭುತ". ಅಷ್ಟು ಹೊತ್ತಿನಲ್ಲಿ ಪಲ್ಲವಿ ದಾಟುವುದಕ್ಕೂ ಯಾರಿಗೂ ಸಾಧ್ಯವಿರಲಿಲ್ಲ. ಹಾಲು ಇಳಿಸಿ ನಿಂತಲ್ಲೇ ನಿಂತು ಫೋನನ್ನು ದಿಟ್ಟಿಸಿದೆ. ಕೇಳದೇ ಹೊಗಳುವುದಕ್ಕಿಂತ ಕೇಳಿ ಬೈಯುವುದು ಎಷ್ಟೋ ವಾಸಿ ಎಂದು ಆವತ್ತು ಅನ್ನಿಸಿದ್ದು, ಆಮೇಲೆ ಪ್ರತಿ ಭಾನುವಾರವೂ ಅನ್ನಿಸತೊಡಗಿತು.

ನನ್ನ ಊರು ದಾವಣಗೆರೆ. ವಡೋದರಾದ ಮಕರಪುರದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಕೆಲಸ. ಅಲ್ಲಿ ಬೆಳಿಗ್ಗೆ ಒಂದು ಡ್ರಾಯಿಂಗ್ ಕಳಿಸಿದರೆ ಸಂಜೆಗೆ ಮೈತುಂಬ ಕೆಂಪು ಗುರುತು ಹಚ್ಚಿಕೊಂಡು ವಾಪಸ್ಸು ಬರುತ್ತದೆ. ಇಲ್ಲಿ ಸ್ಪ್ಯಾನರ್ ಆಡಿಸಲು ಜಾಗವಿಲ್ಲ, ಇಲ್ಲಿ ಎಣ್ಣೆ ಸೋರುತ್ತದೆ, ಇದನ್ನು ಯಾರು ಹೇಗೆ ಎತ್ತಬೇಕು. ಯಾರೂ ಮುನಿಸಿಕೊಳ್ಳುವುದಿಲ್ಲ. ತಿದ್ದಿ ಮತ್ತೆ ಕಳಿಸುತ್ತೇವೆ. ಹಾಡಿಗೂ ಹಾಗೆ ಯಾರಾದರೂ ಕೆಂಪು ಗುರುತು ಹಾಕಿಕೊಡಲಿ ಎಂದು ನನ್ನ ಆಸೆ. ಗಿಟಾರ್ ನಾನು ವಿಡಿಯೋ ನೋಡಿ ಕಲಿತದ್ದು. ಹಾಡು ಕಟ್ಟುವುದನ್ನು ಯಾರಿಂದಲೂ ಕಲಿಯಲಿಲ್ಲ. ಅದು ಹಾಡಿನಲ್ಲಿ ಗೊತ್ತಾಗುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಗ್ರೂಪು ಹುಟ್ಟಿದ್ದು ವಡೋದರಾದಲ್ಲಿ ಕನ್ನಡದವರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ. ಅಹಮದಾಬಾದು, ವಡೋದರಾ, ಸೂರತ್, ಮೂರೂ ಊರುಗಳ ಹಾಡುವ ಹುಚ್ಚಿನವರು ಹೋಳಿಗೆ ತಿನ್ನುತ್ತಾ ಒಂದು ಒಪ್ಪಂದಕ್ಕೆ ಬಂದೆವು. ಸ್ವಂತ ಹಾಡು, ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಕರೆಂಟಿನ ವಾದ್ಯ ಇರಕೂಡದು. ಭಾನುವಾರ ಹಾಕಬೇಕು, ಕೇಳಿದವರು ಮುಚ್ಚುಮರೆಯಿಲ್ಲದೆ ಅಭಿಪ್ರಾಯ ಹೇಳಬೇಕು. ಈ ಕೊನೆಯ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳಿದವರು ಅಹಮದಾಬಾದಿನ ಮಣಿನಗರದ ಬ್ಯಾಂಕ್ ಮ್ಯಾನೇಜರು. ಧಾರವಾಡದ ಕಡೆಯವರು, ಹಾರ್ಮೋನಿಯಂ ಬಾರಿಸುತ್ತಿದ್ದರು, ಎಲ್ಲರಿಗಿಂತ ಹಿರಿಯರು. ಹಾಗಾಗಿ ಗ್ರೂಪಿನ ಯಜಮಾನಿಕೆ ತಾನಾಗಿಯೇ ಅವರಿಗೆ ಹೋಯಿತು. ಎಲ್ಲರೂ ಅವರನ್ನು 'ಸರ್' ಎನ್ನುತ್ತಿದ್ದೆವು.

ಸರ್ ಚಪ್ಪಾಳೆ ಹಾಕುತ್ತಿರಲಿಲ್ಲ. ಬರೆಯುತ್ತಿದ್ದರು. ಆದರೆ ಯಾರ ಹಾಡಿರಲಿ, ಏನು ಹಾಡಿರಲಿ, ಬರೆಯುತ್ತಿದ್ದುದು ಒಂದೇ ಸಾಲು: "ಒಟ್ಟಾರೆ ಉತ್ತಮ. ಭಾವ ಇನ್ನಷ್ಟು ತುಂಬಬೇಕು." ಒಂದು ಸಲ ತಡೆಯಲಾರದೆ ಫೋನ್ ಮಾಡಿಯೇ ಬಿಟ್ಟೆ.

"ಸರ್, ಭಾವ ಎಲ್ಲಿ ಕಡಿಮೆಯಾಗಿದೆ? ಯಾವ ಸಾಲಿನಲ್ಲಿ?"

"ಒಂದ್ ಸಾಲ ಅಂತ ಅಲ್ರೀ ಮೇಡಂ. ಒಟ್ಟಾರೆ."

"ಒಟ್ಟಾರೆ ಅಂದ್ರೆ ನಾನು ಏನನ್ನ ತಿದ್ಲಿ?"

"ತಿದ್ದೂದು ಬ್ಯಾಡ. ತುಂಬ್ರಿ," ಎಂದರು ಸರ್, ಬಹಳ ಸಮಾಧಾನದಿಂದ.

ನಾನು ಫೋನಿಟ್ಟು ಸೋಫಾದ ದಿಂಬನ್ನು ಒಮ್ಮೆ ಗುದ್ದಿದೆ.

ಸೂರತ್ತಿನಲ್ಲಿ ಒಬ್ಬ ಹುಡುಗನಿದ್ದ. ಮಂಡ್ಯದ ಕಡೆಯವನು, ಕೆಮಿಸ್ಟ್ರಿ ಓದಿ ಸೀರೆಗೆ ಬಣ್ಣ ಹಾಕುವ ಮಿಲ್ಲೊಂದರ ಲ್ಯಾಬಿನಲ್ಲಿ ಬಣ್ಣ ಹೊಂದಿಸುವ ಕೆಲಸ ಮಾಡುತ್ತಿದ್ದ. ನನ್ನನ್ನು 'ಅಕ್ಕ' ಎನ್ನುತ್ತಿದ್ದ. ಒಂದು ಭಾನುವಾರ ಅವನು ಹಾಕಿದ ಹಾಡು ಕೇಳಿ ನಾನು ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ಬಿಟ್ಟು ಕೂತೆ. ಅವನ ಮಿಲ್ಲಿನ ಹಿಂದೆ ಹರಿಯುವ ಕೊಳಚೆ ಕಾಲುವೆಯ ಹಾಡು.

"ಇವತ್ತು ನೀರು ನೀಲಿ, ನಿನ್ನೆ ಕೆಂಪಿತ್ತು, ನಾಳೆಗೆ ಯಾವ ಸೀರೆಯೋ, ಯಾರಿಗೆ ಗೊತ್ತು."

ಆ ಎರಡು ಸಾಲಿಗೆ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅಲ್ಲಿಂದ ಮುಂದೆ ಹುಡುಗ ಗಿಟಾರನ್ನು ಬಡಿಗೆಯಲ್ಲಿ ಹೊಡೆದ ಹಾಗೆ ಹೊಡೆದು ತನ್ನ ದನಿಯನ್ನು ತಾನೇ ಮುಳುಗಿಸಿಬಿಟ್ಟಿದ್ದ. ಸಾಲಿನ ಕೊನೆಯ ಅಕ್ಷರಗಳನ್ನೆಲ್ಲ ನುಂಗಿದ್ದ. 'ಗೊತ್ತು' ಎಂಬುದು 'ಗೊ' ಆಗಿತ್ತು. ಮೂರನೇ ಚರಣದಲ್ಲಿ ಇದ್ದಕ್ಕಿದ್ದಂತೆ ಅಮ್ಮ ಬಂದಿದ್ದಳು. ನಮ್ಮ ಗ್ರೂಪಿನಲ್ಲಿ ಯಾರ ಹಾಡು ಎಲ್ಲಿಂದ ಶುರುವಾದರೂ ಕೊನೆಗೆ ಅಮ್ಮನ ಹತ್ತಿರವೇ ಹೋಗಿ ನಿಲ್ಲುತ್ತಿತ್ತು. ನನಗೆ ಸಾಕಾಗಿ ಹೋಗಿತ್ತು.

ಹಾಡಿನ ಕೆಳಗೆ ಅವನು ಬರೆದಿದ್ದ: "ದಯವಿಟ್ಟು ಯಾರಾದ್ರೂ ನಿಜ ಹೇಳಿ."

ಹೆಬ್ಬೆರಳುಗಳು ಬಂದವು. ಭಾವ ತುಂಬಬೇಕೆಂಬ ಸಾಲೂ ಬಂತು. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡನ್ನು ಮತ್ತೆ ಮತ್ತೆ ಕೇಳಿ, ಕಾರ್ಖಾನೆಯಲ್ಲಿ ಡ್ರಾಯಿಂಗಿಗೆ ಬರೆಯುವ ಹಾಗೆಯೇ ಬರೆದೆ. ಮೊದಲ ಎರಡು ಸಾಲು ಹೇಗಿವೆಯೋ ಹಾಗೇ ಇರಲಿ, ಯಾರು ಹೇಳಿದರೂ ಮುಟ್ಟಬೇಡ. ಗಿಟಾರಿನ ಹೊಡೆತ ಅರ್ಧಕ್ಕೆ ಇಳಿಸು. ಅಕ್ಷರ ನುಂಗಬೇಡ, ಕೇಳುವವರಿಗೆ ಉಳಿಸು. ಮೂರನೇ ಚರಣ ಬೇಡ, ಕಾಲುವೆಯಲ್ಲೇ ಮುಗಿಸು.

"ಓಕೆ ಅಕ್ಕ" ಎಂದು ಉತ್ತರ ಬಂತು.

ಅಷ್ಟೇ. ಮುಂದಿನ ಭಾನುವಾರ ಅವನ ಹಾಡಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ದಿನ ಅವನು ಗ್ರೂಪು ಬಿಟ್ಟ ಎಂಬ ಸೂಚನೆ ಮಾತ್ರ ಪರದೆಯ ಮೇಲೆ ಮೂಡಿತು.

ಆಮೇಲೆ ನೋಡಬೇಕಿತ್ತು ನಮ್ಮವರ ಚುರುಕನ್ನು. ನಾಲ್ಕು ನಿಮಿಷದ ಹಾಡು ಕೇಳಲು ಪುರುಸೊತ್ತಿಲ್ಲದವರಿಗೆಲ್ಲ ನನಗೆ ಬುದ್ಧಿ ಹೇಳಲು ಬೇಕಾದಷ್ಟು ಪುರುಸೊತ್ತಿತ್ತು. "ಪಾಪ, ಚಿಕ್ಕ ಹುಡುಗ." "ಸ್ವಲ್ಪ ಮೆತ್ತಗೆ ಹೇಳಬಹುದಿತ್ತು." ವಡೋದರಾದಲ್ಲೇ ಇದ್ದ ಒಬ್ಬ ತಾಯಿ, ಕನ್ನಡವನ್ನು ಗುಜರಾತಿ ಅಕ್ಷರದಲ್ಲಿ ಬರೆದುಕೊಟ್ಟು ಮಗಳ ಕೈಲಿ ಹಾಡಿಸುತ್ತಿದ್ದವರು, ಬೆಳಗಾಗೆದ್ದು ನನಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿದರು: "ಮೇಡಂ, ಇವತ್ತು ನನ್ನ ಮಗಳ ಹಾಡು ಹಾಕ್ತಿದೀನಿ. ನೀವು ದಯವಿಟ್ಟು ಏನೂ ಹೇಳ್ಬೇಡಿ." ಹಾಡು ಇನ್ನೂ ಬಂದೇ ಇರಲಿಲ್ಲ!

ಸರ್ ಫೋನ್ ಮಾಡಿದರು.

"ಏನ್ ಮಾಡಿಬಿಟ್ರಿ ಮೇಡಂ. ಆ ಹುಡುಗನ ಉತ್ಸಾಹಕ್ಕ ತಣ್ಣೀರು ಹಾಕಿದ್ರಿ."

"ನಿಜ ಹೇಳಿ ಅಂತ ಅವನೇ ಕೇಳಿದ್ದ, ಸರ್. ನಿಯಮ ಮಾಡಿದ್ದು ನೀವು."

"ಕೇಳ್ತಾರ್ರೀ. ಕೇಳಿದ್ರು ಅಂತ ಹೇಳಿಬಿಡೂದ?"

ಅದೇ ಸಂಜೆ ಹೊಸ ನಿಯಮ ಬಂತು. ಇನ್ನು ಮುಂದೆ ಗ್ರೂಪಿನಲ್ಲಿ ಪ್ರೋತ್ಸಾಹದ ಮಾತು ಮಾತ್ರ. ಅದಕ್ಕೂ ಹೆಬ್ಬೆರಳುಗಳು ಬಿದ್ದವು.

ನಾನು ಹುಡುಗನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಸಂದೇಶ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮೊದಮೊದಲು ಬರೀ ಸಿಟ್ಟಿತ್ತು. ದಿನ ಹೋದಂತೆ ಸಿಟ್ಟಿನ ಅಡಿಯಲ್ಲಿ ಇನ್ನೊಂದೇನೋ ಕೊರೆಯತೊಡಗಿತು. ಅವನು ನಿಜಕ್ಕೂ ಹಾಡುವುದನ್ನೇ ಬಿಟ್ಟಿದ್ದರೆ? ಅಂಥ ಎರಡು ಸಾಲು ಬರೆದವನು? ಕಾರ್ಖಾನೆಯಲ್ಲಿ ಯಾರದೋ ಡ್ರಾಯಿಂಗಿನಲ್ಲಿ ತಪ್ಪು ಕಂಡು ಪೆನ್ನು ಎತ್ತಿದರೆ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅದಕ್ಕಾಗಿ ಅವನ ಮೇಲೆ ಇನ್ನೂ ಸಿಟ್ಟು ಬರುತ್ತಿತ್ತು.

ಕೊನೆಗೆ ಒಂದು ಭಾನುವಾರ ಸೂರತ್ತಿಗೇ ಹೋಗುವುದೆಂದು ನಿಶ್ಚಯಿಸಿದೆ. ವಿಳಾಸ ಬೇಕಿತ್ತು, ಸರ್ ಹತ್ತಿರ ಕೇಳಿದೆ. ವಿಳಾಸದ ಜೊತೆ ಅವರೂ ಬಂದರು. "ನೀವೊಬ್ರ ಹೋಗಬ್ಯಾಡ್ರಿ. ನಡುವ ಒಬ್ಬರು ಹಿರೇರು ಇರಬೇಕು," ಎಂದರು. ಮಣಿನಗರದಲ್ಲಿ ರೈಲು ಹತ್ತಿ ನನಗೂ ಒಂದು ಸೀಟು ಹಿಡಿದುಕೊಂಡು ಬಂದಿದ್ದರು. ವಡೋದರಾದಲ್ಲಿ ನಾನು ಹತ್ತಿದಾಗ ಸೀಟಿನ ಮೇಲೆ ಅವರ ಟವೆಲ್ಲು, ಟವೆಲ್ಲಿನ ಮೇಲೆ ಚಪಾತಿಯ ಡಬ್ಬಿ, ಡಬ್ಬಿಯ ಮೇಲೆ ಶೇಂಗಾ ಚಟ್ನಿ.

ಭರೂಚ್ ಬರುವವರೆಗೂ ಅವರು ನನಗೆ ಕ್ಷಮೆ ಕೇಳುವುದು ಹೇಗೆಂದು ಹೇಳಿಕೊಟ್ಟರು.

"ಬರೇ ತಪ್ಪಾತು ಅನ್ರಿ. ವಿವರಣಾ ಕೊಡಾಕ ಹೋಗಬ್ಯಾಡ್ರಿ. ನೀವು ವಿವರಣಾ ಕೊಟ್ರ ಮತ್ತ ನಾಕ್ ತಪ್ಪು ತೆಗೀತೀರಿ."

"ತಪ್ಪಾಗಿಲ್ಲ ಸರ್. ನಾನು ಬರೆದದ್ದೆಲ್ಲ ಸರಿಯಾಗೇ ಇದೆ."

"ನೋಡ್ರಿ, ಶುರು ಆತು. ಚಪಾತಿ ತಿನ್ರಿ."

ಚಪಾತಿ ತಿಂದೆ. ಚಟ್ನಿ ಬಹಳ ಚೆನ್ನಾಗಿತ್ತು, ಅದೂ ಒಂದು ಕಿರಿಕಿರಿ.

ಹುಡುಗನ ಮನೆ ಉಧನಾದ ಕಡೆ ಒಂದು ಮೂರಂತಸ್ತಿನ ಕಟ್ಟಡದಲ್ಲಿತ್ತು. ಆಟೋ ಇಳಿಯುವಾಗಲೇ ಏನೋ ಸದ್ದು. ಬಾಗಿಲ ಹತ್ತಿರ ಹೋದ ಹಾಗೆ ಅದು ಕಿವಿಯಿಂದ ಹಲ್ಲಿಗೆ ಇಳಿಯಿತು. ನೆಲಮಹಡಿಯ ಶಟರು ಅರ್ಧ ತೆರೆದಿತ್ತು. ಒಳಗೆ ಉದ್ದಕ್ಕೂ ಎಂಬ್ರಾಯ್ಡರಿ ಮಷೀನು, ಸಾಲು ಸೂಜಿಗಳು ಒಟ್ಟಿಗೇ ಎದ್ದು ಒಟ್ಟಿಗೇ ಕುಟ್ಟುತ್ತಿದ್ದವು. ಮೆಟ್ಟಿಲ ಕಂಬಿ ಹಿಡಿದರೆ ಅದೂ ಅದುರುತ್ತಿತ್ತು. ಸರ್ ನನ್ನ ಕಡೆ ತಿರುಗಿ ಏನೋ ಅಂದರು, ತುಟಿ ಮಾತ್ರ ಕಂಡಿತು.

ಮೊದಲನೇ ಮಹಡಿಯ ಬಾಗಿಲನ್ನು ತಟ್ಟಿ ಪ್ರಯೋಜನವಿರಲಿಲ್ಲ. ನೂಕಿದೆವು. ಹುಡುಗ ಚಾಪೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ. ನಮ್ಮನ್ನು ಕಂಡು ಗಾಬರಿಯಿಂದ ಎದ್ದು ನಿಂತ. ಗೋಡೆಯಲ್ಲಿ ಗಿಟಾರ್ ನೇತುಹಾಕಿದ್ದ. ಯಾರೂ ಮುಟ್ಟದಿದ್ದರೂ ಅದರ ತಂತಿಗಳು ಸಣ್ಣಗೆ ನಡುಗುತ್ತಿದ್ದವು.

"ಅಕ್ಕಾ! ಸರ್! ಏನಾಯ್ತು? ಯಾರ್ಗಾದ್ರೂ ಉಷಾರಿಲ್ವಾ?" ಎಂದು ಕಿರುಚಿದ.

"ನೀನು ಯಾಕೆ ಹಾಡೋದು ಬಿಟ್ಟೆ?" ನಾನೂ ಕಿರುಚಿದೆ.

ಅವನು ಕೆಳಗೆ ಬೆರಳು ತೋರಿಸಿದ. "ಇನ್ನೆಂಗಕ್ಕ ಹಾಡದು? ಇದು ಬಂದ್ಮೇಕೆ ರೆಕಾರ್ಡ್ ಮಾಡಿದ್ರೆ ನನ್ ದನಿನೇ ಕೇಳಲ್ಲ. ಹಗಲೂ ಇಲ್ಲ ರಾತ್ರಿನೂ ಇಲ್ಲ, ಓಡ್ತಾನೇ ಇರ್ತದೆ."

"ನಾನು ಬರೆದದ್ದಕ್ಕಲ್ವಾ?"

"ಏನ್ ಬರ್ದಿದ್ರಿ?"

ನಾನು ಸರ್ ಮುಖ ನೋಡಿದೆ. ಸರ್ ಗಿಟಾರಿನ ಕಡೆ ನೋಡುತ್ತಿದ್ದರು.

"ಮೂರನೇ ಚರಣ ಬೇಡ ಅಂತ!"

"ಓ, ಅದಾ! ಅದ್ ಆವತ್ತೇ ತೆಗ್ದಾಕ್ಬುಟ್ಟೆ ಕಣಕ್ಕ. ಸರಿಯಾಗೇ ಹೇಳಿದ್ರಿ."

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

"ರಿಂಗ್ ಆಗದು ಕೇಳ್ಬೇಕಲ್ಲ ಅಕ್ಕ."

"ಮೆಸೇಜು? ಅದಕ್ಕೇನು ಕಿವಿ ಬೇಕಾ?"

ಅವನು ತಲೆ ಕೆರೆದುಕೊಂಡ. "ಮಾಡನ ಮಾಡನ ಅಂತಿದ್ದೆ."

ಅಷ್ಟು ವಾರ ನಾನು ಹೊತ್ತು ತಿರುಗಿದ ಭಾರವೆಲ್ಲ ಆ 'ಮಾಡನ ಮಾಡನ' ಎಂಬುದರಲ್ಲಿ ಇಳಿದುಹೋಯಿತು. ಹಗುರಾಗಬೇಕಿತ್ತು. ಆಗಲಿಲ್ಲ, ಅವನ ಅವಲಕ್ಕಿಯ ತಟ್ಟೆಯನ್ನು ಎತ್ತಿ ಎಸೆಯಬೇಕೆನ್ನಿಸಿತು.

"ಗ್ರೂಪ್ ಯಾಕ ಬಿಟ್ಯೋ?" ಸರ್ ಕೇಳಿದರು.

"ಎಲ್ರೂ ಹಾಡಾಕ್ತಿದ್ರೆ ಹೊಟ್ಟೆ ಉರೀತಿತ್ತು ಸರ್. ನನ್ ಕೈಲಿ ಆಯ್ತಿಲ್ವಲ್ಲ ಅಂತ."

"ಹಿಂಗಿಂಗೆ ಅಂತ ಒಂದು ಮಾತು ಹೇಳಬಹುದಿತ್ತಲ್ಲೋ," ಎಂದೆ.

"ಹೇಳಿದ್ರೆ ಏನಕ್ಕ ಅಂತಿದ್ರು? ಸೂಪರ್ ಅಂತಿದ್ರು."

ಕಿರುಚಿ ಕಿರುಚಿ ಮೂವರಿಗೂ ಸಾಕಾಗಿತ್ತು. ಹುಡುಗ ಗಿಟಾರ್ ಇಳಿಸಿಕೊಂಡು ತಾರಸಿಗೆ ಹೋಗೋಣವೆಂದು ಸನ್ನೆ ಮಾಡಿದ.

ತಾರಸಿಯಲ್ಲಿ ಮಾರ್ಚಿ ತಿಂಗಳ ಬಿಸಿಲು. ಹಳೆಯ ಸೀರೆ ಹಾಸಿ ಅದರ ಮೇಲೆ ಆಲೂಗಡ್ಡೆಯ ವೇಫರು ಒಣಹಾಕಿದ್ದರು. ಪಕ್ಕದಲ್ಲಿ ಕಾಗೆ ಕಾಯುತ್ತಾ ಒಬ್ಬ ಗುಜರಾತಿ ಅಜ್ಜಿ ಕೂತಿದ್ದರು. ಮಷೀನಿನ ಸದ್ದು ಇಲ್ಲಿ ಕಾಲಿನಡಿಯ ಸಣ್ಣ ನಡುಕವಾಗಿತ್ತು, ಅಷ್ಟೇ. ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಹುಡುಗ ಹಾಡಿದ. ಗಿಟಾರು ಹಿಂದೆ ಸರಿದಿತ್ತು. 'ಗೊತ್ತು' ಎಂಬುದು ಪೂರ್ತಿ 'ಗೊತ್ತು' ಆಗಿತ್ತು. ನಾನು ಬರೆದದ್ದನ್ನೆಲ್ಲ ಒಂದೊಂದಾಗಿ ಪಾಲಿಸಿದ್ದ. ಖುಷಿಯಾಯಿತು. ಎರಡನೇ ಚರಣದ ಕೊನೆಗೆ ಬಂದು ನಿಂತ. ಹಾಡು ಮುಗಿದಿತ್ತು.

ಏನೋ ಸರಿಯಿಲ್ಲ ಎನ್ನಿಸಿತು. ಮೆಟ್ಟಿಲು ಇಳಿಯುವಾಗ ಇನ್ನೊಂದಿದೆ ಎಂದುಕೊಂಡು ಕಾಲಿಟ್ಟ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಸರ್ ಕೇಳಿದರು.

"ಮೂರನೇ ಚರಣ ಎಲ್ಲೋ?"

"ಅಕ್ಕ ಬ್ಯಾಡ ಅಂದ್ರಲ್ಲ ಸರ್."

"ಹಾಡೇ ಅದರೊಳಗಿತ್ತಲ್ಲೋ ಮಾರಾಯ!" ಎಂದವರೇ ಕಣ್ಣು ಮುಚ್ಚಿ, ಬಿಸಿಲಲ್ಲಿ ಬೆವರುತ್ತಾ, ಅವನ ಮೂರನೇ ಚರಣವನ್ನು ತಾವೇ ಹಾಡಿಬಿಟ್ಟರು. "ಕೈಯ ಬಣ್ಣ ಉಜ್ಜಿದರೂ ಹೋಗದು, ಅಮ್ಮಾ, ಫೋನಿನಲ್ಲಿ ನಿನಗದು ಕಾಣದು." ಅಕ್ಷರ ಅಕ್ಷರ ಬಾಯಿಪಾಠ. ರೆಕಾರ್ಡಿನಲ್ಲಿ ಅವನು ಕೊಟ್ಟಿದ್ದ ಒಂದು ಸಣ್ಣ ಎಳೆತವೂ ಅದರಲ್ಲಿತ್ತು.

ನನಗೆ ತಲೆ ಕೆಟ್ಟಿತು. "ಸರ್, ಈ ಹಾಡನ್ನ ನೀವು ಎಷ್ಟು ಸಲ ಕೇಳಿದೀರಿ?"

"ಬ್ಯಾಂಕಿಗೆ ನಡಕೋತ ಹೋಗೂಮುಂದ ದಿನಾ ಕೇಳ್ತೀನಿ. ನಿಮ್ಮ ಹಾಡೂ ಕೇಳ್ತೀನಿ. ಎಲ್ಲಾರದೂ ಕೇಳ್ತೀನಿ."

"ಮತ್ತೆ ಅದನ್ನ ಬರೀಬಾರ್ದಾ? ಮೂರನೇ ಚರಣ ನನಗೆ ಹಿಡಿಸ್ತು, ಇಂಥ ಸಾಲು ಹಿಡಿಸ್ತು ಅಂತ? ಭಾವ ತುಂಬಿ, ಭಾವ ತುಂಬಿ ಅಂತ ವರ್ಷವಿಡೀ ನನ್ನ ಪ್ರಾಣ ತಿಂದ್ರಲ್ಲ?"

ಸರ್ ಕಣ್ಣು ಬಿಟ್ಟರು. "ಬರಿಯೂದು ಬರೂದಿಲ್ಲರೀ ನನಗ. ಕರ್ನಾಟಕ ಬಿಟ್ಟಾಗಿಂದ ಬ್ಯಾಂಕಿನ್ಯಾಗ ಬರದಿದ್ದೆಲ್ಲಾ 'ಪರಿಶೀಲಿಸಲಾಗಿದೆ', 'ಸೂಕ್ತ ಕ್ರಮ ಕೈಗೊಳ್ಳುವುದು', ಇಷ್ಟ. ಅದೂ ಇಂಗ್ಲಿಷ್‌ನ್ಯಾಗ. ಪೆನ್ ಹಿಡದ್ರ ಅದೇ ಬರ್ತದ, ಏನ್ ಮಾಡ್ಲಿ?"

ನಾನು ಸೋಲೊಪ್ಪಲಿಲ್ಲ. ಕಾಲುವೆಯ ಹಾಡಿಗೆ ಅಮ್ಮ ಯಾಕೆ ಎಂದೆ. ಬಣ್ಣ ಅವನ ಕೈಗೂ ಹತ್ತಿದ್ದು ಗೊತ್ತಾಗುವುದು ಅಲ್ಲೇ ಎಂದರು ಸರ್. ಹಾಗಿದ್ದರೆ ಕೈ ಇರಲಿ, ಅಮ್ಮ ಬೇಡ ಎಂದೆ. ಅಮ್ಮ ಇಲ್ಲದಿದ್ದರೆ ಬಚ್ಚಿಡುವುದು ಯಾರಿಂದ ಎಂದರು. ನನ್ನ ದನಿ ಏರಿತು, ಅವರದೂ ಏರಿತು. ಹುಡುಗ ಗಿಟಾರ್ ತಬ್ಬಿಕೊಂಡು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದ. ಅವನ ಮುಖದಲ್ಲಿ ನಗು ಇತ್ತು. ಒಂದು ಹಾಡಿಗಾಗಿ ಇಬ್ಬರು ತನ್ನ ಕಣ್ಣೆದುರು ಹೀಗೆ ಜಗಳಾಡುವುದನ್ನು ಅವನು ಯಾವತ್ತೂ ನೋಡಿರಲಿಲ್ಲ.

"ಅರೇ ಭಾಯ್, ಝಘಡೋ ಕೇಮ್ ಕರೋ ಛೋ?" ಎಂದು ಅಜ್ಜಿ ಕೂಗಿದರು. ಯಾಕಪ್ಪಾ ಜಗಳ ಎಂದು.

"ಝಘಡೋ ನಥೀ, ಬಾ. ಗೀತ್ ಛೇ," ಎಂದ ಹುಡುಗ. ಜಗಳವಲ್ಲ ಅಜ್ಜಿ, ಹಾಡು.

ಅಜ್ಜಿಗೆ ನಂಬಿಕೆ ಬರಲಿಲ್ಲ. ವೇಫರು ಹಾಸಿದ ಸೀರೆಯನ್ನು ನಮ್ಮಿಂದ ಇನ್ನಷ್ಟು ದೂರ ಎಳೆದುಕೊಂಡರು.

ತಾರಸಿಯ ಗಾಳಿಗೆ ರೆಕಾರ್ಡಿಂಗ್ ಕೆಡುತ್ತದೆಂದು ಮುಂದಿನ ತಿಂಗಳು ಹುಡುಗ ರೆಕಾರ್ಡ್ ಮಾಡಲು ವಡೋದರಾದ ನನ್ನ ಮನೆಗೆ ಬಂದ. ಬೆಳಿಗ್ಗೆ ಬರುತ್ತೇನೆಂದವನು ಮಧ್ಯಾಹ್ನ ಬಂದ. ಬರುವಾಗ ಒಂದು ತಂತಿ ಕಿತ್ತುಹೋಗಿತ್ತು, ಬೇರೆ ತಂದಿರಲಿಲ್ಲ. ನನ್ನ ಗಿಟಾರ್ ಕೊಟ್ಟೆ. ಇದರ ಕತ್ತು ದಪ್ಪ ಎಂದು ಗೊಣಗಿದ. ಎದುರು ಮನೆಯ ಮದುವೆಗೆ ಬ್ಯಾಂಡಿನವರು ಬಂದರು, ಕಾದೆವು. ಬ್ಯಾಂಡು ಹೋಯಿತು, ಕೆಳಗಿನವರು ಮಿಕ್ಸರ್ ಹಾಕಿದರು, ಮತ್ತೆ ಕಾದೆವು. ಮೂರನೇ ಚರಣವನ್ನು ಅವನು ಉಳಿಸಿಕೊಂಡಿದ್ದ, ಆದರೆ 'ಅಮ್ಮಾ' ಎಂದು ಕರೆಯುವುದನ್ನು ಬಿಟ್ಟಿದ್ದ. "ಫೋನಿನಲ್ಲಿ ನಿನಗದು ಕಾಣದು" ಎಂಬುದು ಯಾರಿಗೆಂದು ಹೇಳದೆಯೇ ತಿಳಿಯುತ್ತಿತ್ತು. ನನ್ನ ಮಾತೂ ಅಲ್ಲ, ಸರ್ ಮಾತೂ ಅಲ್ಲ. ನಮ್ಮಿಬ್ಬರನ್ನೂ ಕೇಳಿಸಿಕೊಂಡು ತನಗೆ ಬೇಕಾದ್ದನ್ನೇ ಮಾಡಿದ್ದ. ಅದು ಸರಿಯಾಗಿತ್ತು. ಹಾಗೆಂದು ಅವನಿಗೆ ಹೇಳಿದೆ, ಇಂಥ ಸಾಲಿಗೆ ಎಂದು ಬೆರಳಿಟ್ಟು ಹೇಳಿದೆ. ಮಾರನೆಯ ದಿನ ಹಾಡನ್ನು ಸರ್‌ಗೂ ಕಳಿಸಿದೆವು.

ಗ್ರೂಪು ಈಗಲೂ ಇದೆ, ಪ್ರೋತ್ಸಾಹದಿಂದ ತುಂಬಿ ತುಳುಕುತ್ತಿದೆ. ನಾವು ಮೂವರು ಮಾತ್ರ ಅಲ್ಲಿ ಏನೂ ಬರೆಯುವುದಿಲ್ಲ, ಫೋನಿನಲ್ಲಿ ಮಾತಾಡುತ್ತೇವೆ. ಸರ್‌ಗೆ ಬರೆಯಲು ಬಾರದಿದ್ದರೂ ಮಾತಾಡಲು ಬರುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಹೋದ ವಾರ ನಾನು ದೋಸೆ ಹುಯ್ಯುತ್ತಿರುವಾಗ ಅವರ ಫೋನು.

"ಮೇಡಂ, ಒಂದ್ ಮಾತು. ನೀವು ಆ ಹುಡುಗನ ಹಾಡಿಗೆ ಅಷ್ಟೆಲ್ಲಾ ಹೇಳ್ತೀರಿ. ನನ್ನ ಹಾಡಿಗೆ ಇಷ್ಟ್ ದಿನಾ ಒಂದ್ ಮಾತೂ ಹೇಳಿಲ್ಲ."

ಹೇಳಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಹೇಳಿಯೇಬಿಟ್ಟೆ. "ಸರ್, ನೀವು ಹಾಡೋ ಶ್ರುತಿ ನಿಮ್ಮ ದನಿಗೆ ಎತ್ತರ ಆಗುತ್ತೆ. ಮೇಲೆ ಹೋದಾಗ ಕಿರುಚ್ತೀರಿ. ಹಾರ್ಮೋನಿಯಂನಲ್ಲಿ ಶ್ರುತಿನ ಒಂದು ಮನೆ ಕೆಳಗಿಳಿಸಿ ಹಾಡಿ."

ಫೋನು ಕಟ್ಟಾಯಿತೇ ಎಂದು ನೋಡಿದೆ. ಇಲ್ಲ.

"ಮುಂದ ಹೇಳ್ರಿ," ಎಂದರು ಸರ್, ತೆಳ್ಳಗಿನ ದನಿಯಲ್ಲಿ.

ಮುಂದೆ ಹೇಳಿದೆ. ಅವರು ಮೊದಲು ಸುಮ್ಮನೆ ಕೇಳಿದರು, ಆಮೇಲೆ ವಾದಕ್ಕಿಳಿದರು, ಆಮೇಲೆ ತಾಳಿ ಎಂದು ಹಾರ್ಮೋನಿಯಂ ತಂದುಕೊಂಡು ಎರಡೂ ಶ್ರುತಿಯಲ್ಲಿ ಹಾಡಿ ಯಾವುದು ವಾಸಿ ಎಂದು ಕೇಳಿದರು. ಕೆಳಗಿನದು ಎಂದೆ. ಇಲ್ಲ, ಮೇಲಿನದೇ ಚಂದ ಎಂದರು. ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ ಎಂದೆ. ಈ ಗಲಾಟೆಯಲ್ಲಿ ದೋಸೆ ಸೀದುಹೋಯಿತು. ಕಾವಲಿಯಿಂದ ಅದನ್ನು ಕೆರೆಯುತ್ತಿರುವಾಗ ಫೋನಿಗೆ ಹಾಡೊಂದು ಬಂದು ಬಿತ್ತು. ಸರ್ ಕಳಿಸಿದ್ದು. ಕೆಳಗಿನ ಶ್ರುತಿಯಲ್ಲಿತ್ತು.